ಬರೆಯಲು ಏನುಂಟು?

ಶಾಲೆಯ ವಾರ್ಷಿಕ ಸಂಚಿಕೆಗೆ ಲೇಖನ ಬೇಕೆಂದು ಅಧ್ಯಾಪಕರು ಹೇಳಿದೊಡನೆ ತರಗತಿಯಲ್ಲಿ ಮೌನ ಕವಿಯುವುದುಂಟು. ವಿದ್ಯಾರ್ಥಿಗಳಿಗೆ ಬರೆಯುವ ಆಸೆ ಇರುತ್ತದೆ. ಬರೆಯಲು ಏನೂ ಇಲ್ಲವೆಂಬ ಭಾವನೆ ಕೈಯನ್ನು ತಡೆಯುತ್ತದೆ. ಹಿಮಾಲಯವನ್ನು ಏರಿದವನಿಗೆ, ಕಡಲನ್ನು ದಾಟಿ ಬಂದವನಿಗೆ ಹೇಳಲು ಬೇಕಾದಷ್ಟಿದೆ; ಮನೆಯಿಂದ ಶಾಲೆಗೆ, ಶಾಲೆಯಿಂದ ಮನೆಗೆ ನಡೆಯುವವರಿಗೆ ಏನಿದೆ? ಕೊನೆಗೆ ‘ಸಮಯದ ಬೆಲೆ’ಯಂತಹ ಸವೆದ ವಿಷಯವೊಂದನ್ನು ಆರಿಸಿ, ಎಲ್ಲರೂ ಬರೆದುದನ್ನೇ ಬರೆದು ಒಪ್ಪಿಸಿದ್ದಾಗುತ್ತದೆ.

ಕನ್ನಡದ ಒಳ್ಳೆಯ ಗದ್ಯವನ್ನು ಓದಿದವರಿಗೆ ಈ ಭಾವನೆ ತಪ್ಪೆಂಬುದು ತಿಳಿಯುತ್ತದೆ. ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಹಳ್ಳಿಯ ಚಿತ್ರಗಳು’ 1930ರಲ್ಲಿ ಪ್ರಕಟವಾಯಿತು. ಅದಕ್ಕೆ ವಸ್ತು ದೊರೆತದ್ದು ಹೇಮಾವತಿಯ ದಡದಲ್ಲಿರುವ ಅವರ ಊರಿನ ನಿತ್ಯಜೀವನದಲ್ಲಿ. ಬಿ.ಜಿ.ಎಲ್. ಸ್ವಾಮಿಯವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ವಿದ್ಯಾರ್ಥಿಗಳನ್ನು ಕಾಡಿಗೆ ಕರೆದೊಯ್ದು ಗಿಡಮರಗಳ ಪರಿಚಯ ಮಾಡಿಕೊಡುವುದು ಅವರ ಉದ್ಯೋಗದ ಭಾಗವೇ ಆಗಿತ್ತು. ಆ ಪ್ರವಾಸಗಳಿಂದ ‘ಹಸುರು ಹೊನ್ನು’ ಹುಟ್ಟಿತು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಅವರ ಇನ್ನೊಂದು ಪುಸ್ತಕದ ವಸ್ತುವಾದರೋ ಊಟದ ಎಲೆಯ ಮೇಲೆಯೇ ಇತ್ತು. ಆಲೂಗೆಡ್ಡೆ, ಮೆಣಸಿನಕಾಯಿ, ಕಡಲೆಕಾಯಿ ಇವೆಲ್ಲ ಅಮೆರಿಕ ಖಂಡದಿಂದ ಇತ್ತೀಚಿನ ಕೆಲವು ಶತಮಾನಗಳಲ್ಲಿ ನಮ್ಮ ದೇಶಕ್ಕೆ ಬಂದವು. ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ’ ಎಂಬ ಹೆಸರೇ ಓದುಗನನ್ನು ನಗಿಸಿ ಒಳಕ್ಕೆ ಕರೆಯುತ್ತದೆ. ಎಲ್ಲರೂ ದಿನವೂ ತಿನ್ನುವ ಪದಾರ್ಥಗಳೇ ಅವು. ಎಲ್ಲಿಂದ ಬಂದವೆಂದು ಕೇಳುವವರು ಮಾತ್ರ ವಿರಳ.

ಇಂತಹ ಪ್ರಶ್ನೆ ಯಾವ ಊರಿನಲ್ಲಾದರೂ ದೊರೆಯುತ್ತದೆ. ಬೆಂಗಳೂರಿನ ದಕ್ಷಿಣ ಭಾಗದಲ್ಲಿ, ಕನಕಪುರ ರಸ್ತೆಯ ಬದಿಯಲ್ಲಿ ಕೋಣನಕುಂಟೆ ಇದೆ. ಒಂದು ಕಾಲಕ್ಕೆ ಹಳ್ಳಿಯಾಗಿದ್ದ ಈ ಊರನ್ನು ಬೆಳೆಯುತ್ತಿರುವ ನಗರ ತನ್ನೊಳಗೆ ಸೇರಿಸಿಕೊಂಡಿದೆ. 2021ರ ಜನವರಿಯಿಂದ ಕೋಣನಕುಂಟೆ ಅಡ್ಡರಸ್ತೆಯಲ್ಲಿ ಮೆಟ್ರೋ ರೈಲು ಕೂಡ ನಿಲ್ಲುತ್ತಿದೆ. ನಿಲ್ದಾಣದ ಹೆಸರು ಪ್ರಯಾಣಿಕರ ಕಿವಿಗೆ ದಿನವೂ ಬೀಳುತ್ತದೆ. ಅದರಲ್ಲಿ ಒಂದು ಕೋಣ, ಒಂದು ಕುಂಟೆ ಅಡಗಿವೆಯೆಂದು ಯೋಚಿಸುವವರು ಎಷ್ಟು ಮಂದಿ? ಕುಂಟೆಯೆಂದರೆ ಮಳೆಯ ನೀರು ನಿಲ್ಲುವ ಚಿಕ್ಕ ಹೊಂಡ. ಉತ್ತ ಹೊಲದ ಹೆಂಟೆಯನ್ನು ಒಡೆಯಲು ಎತ್ತುಗಳಿಗೆ ಹೂಡುವ ಉಪಕರಣಕ್ಕೂ ರೈತರು ಕುಂಟೆಯೆಂದೇ ಹೇಳುತ್ತಾರೆ. ಊರಿನ ಹೆಸರಿನಲ್ಲಿರುವುದು ಯಾವುದು? ನೀರಿನ ಕುಂಟೆಯೇ ಆಗಿದ್ದರೆ ಅದು ಎಲ್ಲಿತ್ತು? ತಾನಾಗಿ ಬತ್ತಿತೋ, ಜನರೇ ಮುಚ್ಚಿದರೋ? ಈಗ ಅದರ ಮೇಲೆ ಏನು ನಿಂತಿದೆ?

ಇಲ್ಲಿಂದ ದಾರಿ ಎರಡಾಗಿ ಕವಲೊಡೆಯುತ್ತದೆ. ಕಥೆ ಬರೆಯುವವರು ಒಂದು ಕೋಣನನ್ನು, ಅದನ್ನು ಮೇಯಿಸುವ ಹುಡುಗನನ್ನು, ಕುಂಟೆಯ ನೀರು ಇಂಗಿದ ಒಂದು ಬೇಸಗೆಯನ್ನು ಕಲ್ಪಿಸಿಕೊಳ್ಳಬಹುದು. ಓದುಗನಿಗೆ ನಂಬುವಂತಿದ್ದರೆ ಸಾಕು. ಲೇಖನ ಬರೆಯುವವರಿಗೆ ಈ ಸ್ವಾತಂತ್ರ್ಯವಿಲ್ಲ. ಊಹೆಯನ್ನು ಊಹೆಯೆಂದೇ ಹೇಳಿ, ಅದಕ್ಕೆ ಆಧಾರವನ್ನು ಹುಡುಕಬೇಕು.

ಇವೆರಡರ ಅಂತರವನ್ನು ಬೆಂಗಳೂರಿನ ಹೆಸರೇ ತೋರಿಸಿಕೊಡುತ್ತದೆ. ಬೇಟೆಯಲ್ಲಿ ದಾರಿ ತಪ್ಪಿ ಹಸಿದು ಬಂದ ಹೊಯ್ಸಳ ದೊರೆ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳನ್ನು ಕೊಟ್ಟಳಂತೆ; ಅದರಿಂದ ಊರು ‘ಬೆಂದಕಾಳೂರು’ ಆಯಿತಂತೆ. ಆ ದೊರೆ ಪಟ್ಟವೇರಿದ್ದು 1173ರಲ್ಲಿ. ಕೋಣನಕುಂಟೆಯ ಪೂರ್ವಕ್ಕೆ, ಹೆಚ್ಚು ದೂರವಿಲ್ಲದ ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ ಗಂಗರ ಕಾಲದ ಶಾಸನವೊಂದಿದೆ. ಸುಮಾರು ಕ್ರಿ.ಶ. 890ರದೆಂದು ವಿದ್ವಾಂಸರು ಹೇಳುವ ಆ ಕಲ್ಲಿನಲ್ಲಿ ಬೆಂಗಳೂರಿನ ಕಾಳಗದ ಪ್ರಸ್ತಾಪ ಬರುತ್ತದೆ. ದೊರೆ ಪಟ್ಟವೇರುವುದಕ್ಕೆ ಇನ್ನೂರೈವತ್ತು ವರ್ಷಗಳಿಗೂ ಹಿಂದೆಯೇ ಹೆಸರು ಬಳಕೆಯಲ್ಲಿತ್ತು. ಹಾಗೆಂದು ಮುದುಕಿಯನ್ನು ಹೊರಗಟ್ಟಬೇಕಾಗಿಲ್ಲ. ಕಥೆಯಾಗಿ ಅವಳದು ಸೊಗಸಾದ ಕಥೆ. ಇತಿಹಾಸವೆಂದು ಬರೆದರೆ ಮಾತ್ರ ತಪ್ಪು.

ಚಿಕ್ಕ ಕುಂಟೆಗಳ ವಿಷಯವನ್ನು ಕಲ್ಲಿನ ಮೇಲೆ ಯಾರೂ ಕೆತ್ತಿಸಿರಲಾರರು. ಹಳೆಯ ಗ್ರಾಮನಕ್ಷೆಗಳಲ್ಲಿ ಕೆರೆಕುಂಟೆಗಳ ಗುರುತು ಸಿಕ್ಕಬಹುದು. ಉಳಿದದ್ದು ಹಿರಿಯರ ನೆನಪಿನಲ್ಲಿದೆ, ಅವರೊಡನೆಯೇ ಹೋಗಿಬಿಡುತ್ತದೆ. ಅವರನ್ನು ಕೇಳುವುದಕ್ಕೂ ಒಂದು ಕ್ರಮವುಂಟು. ಹೇಳಿದ ಮಾತನ್ನು ತಿದ್ದದೆ, ದಿನಾಂಕದೊಡನೆ ಅಂದೇ ಬರೆದಿಡಬೇಕು. ಇಬ್ಬರು ಎರಡು ಬಗೆಯಾಗಿ ಹೇಳಿದರೆ ಎರಡನ್ನೂ ಬರೆದಿಡಬೇಕು. ಲೇಖನ ರುಚಿಕಟ್ಟುವುದು ಅಲ್ಲಿಯೇ. ಪ್ರಶ್ನೆ ಚಿಕ್ಕದಾದಷ್ಟೂ ಒಳ್ಳೆಯದು. ‘ನಿಮ್ಮ ಕಾಲ ಹೇಗಿತ್ತು?’ ಎಂದರೆ ‘ಚೆನ್ನಾಗಿತ್ತಪ್ಪ’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ‘ಅಜ್ಜಿ, ಕುಡಿಯುವ ನೀರನ್ನು ಎಲ್ಲಿಂದ ತರುತ್ತಿದ್ದಿರಿ?’ ಎಂದು ಕೇಳಿದರೆ ಬಾವಿ, ಹಗ್ಗ, ಸರದಿ, ಸರದಿಗಾಗಿ ನಡೆದ ಜಗಳ, ಜಗಳವನ್ನು ಬಿಡಿಸಿದವರು ಎಲ್ಲರೂ ಒಬ್ಬೊಬ್ಬರಾಗಿ ಬಂದು ನಿಲ್ಲುತ್ತಾರೆ.