ಬಿಲ್ಲಿನಿಂದ ಬೆಂಕಿ: ಇಪ್ಪತ್ತಮೂರನೇ ಸಲ ಹೊತ್ತಿತು

ಕಳೆದ ವರ್ಷ ಆಟಿಯಲ್ಲಿ ದಾರಿಗೆ ಮರ ಬಿದ್ದು ಮೂರು ದಿನ ಪೇಟೆ ಸಂಪರ್ಕ ತಪ್ಪಿತು. ಕರೆಂಟಿಲ್ಲ, ಗ್ಯಾಸು ಖಾಲಿ. ಇದ್ದೊಂದು ಬೆಂಕಿಪೆಟ್ಟಿಗೆಯೂ ತಂಡಿ ಹಿಡಿದು ಕಡ್ಡಿಯ ಮದ್ದು ಉದುರುತ್ತಿತ್ತು. ಅಮ್ಮನಿಗೆ ಎಂಬತ್ತು ದಾಟಿದೆ, ವಿಪರೀತ ಕೆಮ್ಮು, ಬಿಸಿನೀರು ಬೇಕು. ಕೊಟ್ಟಿಗೆ ತುಂಬ ಸೌದೆ ಇದ್ದೂ ಕಿಡಿ ಇಲ್ಲ! ಗುಡ್ಡೆ ದಾಟಿ ಹೋಗಿ ನೆರೆಮನೆಯಿಂದ ಮುಚ್ಚಿದ ಮಡಕೆಯಲ್ಲಿ ಕೆಂಡ ತಂದೆ. ಅವತ್ತೇ ಹಠ ಹುಟ್ಟಿತು.

ಯಜ್ಞದಲ್ಲಿ ಅರಣಿ ಕಡೆಯುವುದನ್ನು ಹಲವರು ನೋಡಿರಬಹುದು. ಅಲ್ಲಿ ಹಗ್ಗ ಎಳೆಯಲು ಒಬ್ಬ, ಮೇಲಿಂದ ಒತ್ತಿ ಹಿಡಿಯಲು ಇನ್ನೊಬ್ಬ. ಹಗ್ಗವನ್ನು ಬಿಲ್ಲಿಗೆ ಕಟ್ಟಿದರೆ ಒಬ್ಬನೇ ಸಾಕು.

ಮೊದಲು ಸಾಗುವಾನಿ ಹಲಗೆ, ಹಲಸಿನ ಕೋಲು ತೆಗೆದುಕೊಂಡೆ. ಅರ್ಧ ಗಂಟೆ ಎಳೆದರೂ ಮರ ನುಣುಪಾಗಿ ಕಿರ್ರೆಂದಿತೇ ಹೊರತು ಹೊಗೆಯಿಲ್ಲ. ಕೈಯಲ್ಲಿ ಬೊಕ್ಕೆ. "ಅಪ್ಪಾ, ಪಿಟೀಲು ಚೆನ್ನಾಗುಂಟು" ಅಂದ ಮಗ.

ಹಿಂದೆ ಬಿಲ್ಲಿನ ಬೈರಿಗೆ ಬಳಸುತ್ತಿದ್ದ ಹಿರಿಯ ಆಚಾರಿಯೊಬ್ಬರು ನೋಡಿ ನಕ್ಕರು. "ಅಣ್ಣೇರೇ, ನಮಗೆ ತೂತು ಬೇಕಿತ್ತು, ಅದಕ್ಕೆ ಚೂಪು ಮೊನೆ. ನಿಮಗೆ ಬೇಕಾದ್ದು ಬೆಂಕಿ. ಕೆಳತುದಿ ಮೊಂಡು ಮಾಡಿ, ಮೆದು ಮರ ಹಿಡೀರಿ."

ಈಗ ನನ್ನ ಸಾಮಾನು ಇಷ್ಟು: ಅರ್ಧ ಇಂಚು ದಪ್ಪದ ಒಣ ಹಾಲುವಾಣದ ಹಲಗೆ, ಹೆಬ್ಬೆರಳು ದಪ್ಪ, ಗೇಣುದ್ದದ ದಾಸವಾಳದ ಕೋಲು, ಕೈಯುದ್ದದ ಬಾಗಿದ ಬೆತ್ತಕ್ಕೆ ಹತ್ತಿಯ ಹುರಿ. ನೈಲಾನು ಬೇಡ, ಬಿಸಿಗೆ ಕರಗುತ್ತದೆ. ಮೇಲಿಂದ ಒತ್ತಲು ತೆಂಗಿನ ಗೆರಟೆ, ಅದರೊಳಗೆ ಎರಡು ಹನಿ ಎಣ್ಣೆ. ಕೆಳತುದಿಗೆ ಎಣ್ಣೆ ತಾಗಿದರೆ ಕೆಲಸ ಕೆಟ್ಟಿತು.

ಹಲಗೆಯಲ್ಲಿ ಮೊದಲು ಕುಳಿ ಸುಟ್ಟುಕೊಳ್ಳಬೇಕು. ಆಮೇಲೆ ಅಂಚಿನಿಂದ ಕುಳಿಯ ಮಧ್ಯದ ಹತ್ತಿರದವರೆಗೆ, ವೃತ್ತದ ಎಂಟನೇ ಒಂದು ಪಾಲಿನಷ್ಟು ಕಚ್ಚು. ಪುಡಿ ಒಟ್ಟಾಗುವುದು ಅಲ್ಲೇ. ಅಡಿಗೆ ಒಂದು ಒಣ ಎಲೆ ಇಡಿ. ಹಲಗೆಯನ್ನು ಕಾಲಲ್ಲಿ ಮೆಟ್ಟಿ, ಗೆರಟೆ ಹಿಡಿದ ಕೈಯನ್ನು ಮೊಣಕಾಲಿನ ಕೆಳಗೆ ಒತ್ತಿಕೊಂಡರೆ ಕೋಲು ಅಲುಗುವುದಿಲ್ಲ. ಬಿಲ್ಲನ್ನು ತುದಿಯಿಂದ ತುದಿಗೆ ಎಳೆಯಬೇಕು. ಹೊಗೆ ಬಂದ ಮೇಲೆ ವೇಗ, ಒತ್ತಡ ಎರಡೂ ಹೆಚ್ಚಬೇಕು. ಪುಡಿ ಕಂದು ಬಣ್ಣವಾದರೆ ಕಾವು ಸಾಲದು, ಕಪ್ಪಾಗಬೇಕು. ಬಿಲ್ಲು ನಿಲ್ಲಿಸಿದ ಮೇಲೂ ಪುಡಿ ಹೊಗೆಯಾಡಿದರೆ ಅದು ಕೆಂಡ. ಗಡಿಬಿಡಿ ಬೇಡ, ಅರ್ಧ ನಿಮಿಷ ಬಿಡಿ. ನಂತರ ಹಿಂಜಿದ ಅಡಿಕೆ ಸಿಪ್ಪೆ, ತೆಂಗಿನ ನಾರಿನ ಗೂಡಿಗೆ ಹಾಕಿ ಮೆಲ್ಲ ಊದಿ.

ಡಿಸೆಂಬರಿನಲ್ಲಿ, ಇಪ್ಪತ್ತಮೂರನೇ ಸಲಕ್ಕೆ ಹೊತ್ತಿತು. ಅಮ್ಮ ಆ ಬೆಂಕಿಯಲ್ಲೇ ಕಷಾಯ ಕಾಸಿದರು.

ನಿಜವಾದ ಪರೀಕ್ಷೆ ಈ ವರ್ಷದ ಆಟಿಯಲ್ಲಿ. ಒಲೆ ಮೇಲಿನ ಅಟ್ಟದಲ್ಲಿಟ್ಟ ಮರದಿಂದ ಐದರಲ್ಲಿ ಎರಡು ಸಲ ಬೆಂಕಿ ಬಂತು. ಚಾವಡಿಯಲ್ಲಿಟ್ಟದ್ದರಿಂದ ಒಮ್ಮೆಯೂ ಇಲ್ಲ. ಹಾಗಾಗಿ ಬೆಂಕಿಪೆಟ್ಟಿಗೆಯನ್ನು ಬಿಟ್ಟಿಲ್ಲ. ಬಿಗಿ ಮುಚ್ಚಳದ ಬಾಟ್ಲಿಯಲ್ಲಿ ಎರಡು, ಅಟ್ಟದಲ್ಲಿ ಬಿಲ್ಲು.

ಒಂದು ಎಚ್ಚರಿಕೆ: ಬೇಸಗೆಯಲ್ಲಿ ತರಗೆಲೆಯ ಹತ್ತಿರ ಈ ಕಸರತ್ತು ಬೇಡ, ಪಕ್ಕದಲ್ಲಿ ಕೊಡಪಾನ ನೀರಿರಲಿ. ಬೇರೆ ಯಾವ ಮರ ನಿಮಗೆ ಒದಗಿದೆ? ಅನುಭವ ಇದ್ದವರು ಬರೆಯಿರಿ.