ಕೈಯಿಂದ ಮಾಡಿದ ಪಾದರಕ್ಷೆ: ಅಳತೆಯೂ ಅದರ ಲೆಕ್ಕವೂ

ಕೊಲ್ಹಾಪುರಿ ಪಾದರಕ್ಷೆಗೆ 2019ರಲ್ಲಿ ದೊರೆತ ಭೌಗೋಳಿಕ ಸೂಚಿಕೆಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಬೆಳಗಾವಿ, ಧಾರವಾಡ, ಬಾಗಲಕೋಟೆ ಹಾಗೂ ವಿಜಯಪುರ ಜಿಲ್ಲೆಗಳೂ ಸೇರಿವೆ. ಅಥಣಿ, ನಿಪ್ಪಾಣಿಗಳ ಸರಕು ಇಂದು ದೂರದ ಪೇಟೆಗಳಿಗೆ ಹೋಗುತ್ತಿದೆ. ಸಂತೆಯ ಗಿರಾಕಿ ಕಾಲಿಗೆ ಮೆಟ್ಟಿ ನೋಡಿ ಕೊಳ್ಳುತ್ತಾನೆ. ದೂರದ ಗಿರಾಕಿ ಕಳುಹಿಸುವುದು ಒಂದು ಸಂಖ್ಯೆಯನ್ನು ಮಾತ್ರ.

ತೊಡಕು ಇರುವುದು ಈ ಸಂಖ್ಯೆಯಲ್ಲಿಯೇ. ಇಂಗ್ಲಿಷ್ ಪದ್ಧತಿಯಲ್ಲಿ ಒಂದು ಸಂಖ್ಯೆಗೂ ಮುಂದಿನದಕ್ಕೂ ಅಂತರ ಅಂಗುಲದ ಮೂರನೆಯ ಒಂದು ಭಾಗ, ಅಂದರೆ ಸುಮಾರು 8.5 ಮಿ.ಮೀ. ಯುರೋಪಿನ ಪದ್ಧತಿಯಲ್ಲಿ ಅದು ಸುಮಾರು 6.7 ಮಿ.ಮೀ. ಒಂದನ್ನು ಇನ್ನೊಂದಕ್ಕೆ ಪರಿವರ್ತಿಸುವಾಗ ಲೆಕ್ಕ ಸರಿಯಾಗಿ ಕೂಡುವುದಿಲ್ಲ. ಅಲ್ಲದೆ ಇವೆರಡೂ ಅಚ್ಚಿನ ಉದ್ದವನ್ನು ತಿಳಿಸುತ್ತವೆಯೇ ಹೊರತು ಪಾದದ ಉದ್ದವನ್ನಲ್ಲ. ಅಗಲದ ವಿಷಯದಲ್ಲಂತೂ ಆ ಸಂಖ್ಯೆ ಮೌನವಾಗಿಯೇ ಇರುತ್ತದೆ. ಆದುದರಿಂದ ಬೇಡಿಕೆ ಪತ್ರದಲ್ಲಿ ಪಾದದ ಅಳತೆಯನ್ನೇ ಮಿಲಿಮೀಟರಿನಲ್ಲಿ ಬರೆಯಿಸಿಕೊಳ್ಳುವುದು ಕ್ಷೇಮ. ಸಂಜೆಯ ವೇಳೆ ನಿಂತುಕೊಂಡು, ಎರಡೂ ಪಾದಗಳನ್ನು ಹಿಮ್ಮಡಿಯಿಂದ ಅತ್ಯಂತ ಉದ್ದವಾದ ಬೆರಳಿನವರೆಗೆ ಅಳೆಯಬೇಕು. ಆ ಬೆರಳು ಹೆಬ್ಬೆರಳೇ ಆಗಿರಬೇಕೆಂದಿಲ್ಲ. ಬೆರಳುಗಳ ಬುಡದ ಸುತ್ತಳತೆಯೂ ಬೇಕು. ದೊಡ್ಡ ಪಾದದ ಅಳತೆಯೇ ಆಧಾರ.

ಇನ್ನು ತೊಗಲಿನ ಗುಣ. ಜಾಲಿಯ ತೊಗಟೆ, ಅಳಲೆಕಾಯಿಗಳಿಂದ ಹದ ಮಾಡಿದ ಚರ್ಮವು ಬೆವರು ಮತ್ತು ಬಳಕೆಗಳಿಂದ ಹಿಗ್ಗಿ ಪಾದದ ಆಕಾರವನ್ನು ತಾಳುತ್ತದೆ. ಬೆನ್ನಿನ ಭಾಗದ ತೊಗಲು ಕಡಿಮೆ ಹಿಗ್ಗುತ್ತದೆ, ಹೊಟ್ಟೆಯ ಭಾಗದ್ದು ಹೆಚ್ಚು. ಪಟ್ಟಿಗಳನ್ನು ಬೆನ್ನೆಲುಬಿನ ನೇರಕ್ಕೆ ಕತ್ತರಿಸಬೇಕು; ಎಡ-ಬಲ ಎರಡಕ್ಕೂ ಒಂದೇ ಭಾಗದ ತೊಗಲು ಬಳಸಬೇಕು. ಇಲ್ಲವಾದರೆ ತಿಂಗಳೊಳಗೆ ಒಂದು ಕಾಲಿನದು ಸಡಿಲವಾಗಿ, ಇನ್ನೊಂದು ಬಿಗಿಯಾಗಿಯೇ ಉಳಿದೀತು. ಅಟ್ಟೆ ಮಾತ್ರ ಉದ್ದಕ್ಕೆ ಬೆಳೆಯುವುದಿಲ್ಲ. ಆದಕಾರಣ ಹೊಸ ಜೋಡಿಯ ಉದ್ದ ನಿಖರವಾಗಿರಬೇಕು, ಪಟ್ಟಿ ತುಸು ಬಿಗಿಯಾಗಿರಬೇಕು. ಎಷ್ಟು ಬಿಗಿ ಎಂಬುದು ತೊಗಲನ್ನು ಎಳೆದು ನೋಡಿದ ಕುಶಲಕರ್ಮಿಯ ಕೈಗೆ ತಿಳಿದ ವಿಷಯ. ಗದ್ದುಗೆಯ ಮೇಲೆ ಕುಳಿತ ವರ್ತಕನು ನಿಗದಿಪಡಿಸತಕ್ಕದ್ದಲ್ಲ.

ಪಟ್ಟಿಯ ತುದಿಗಳನ್ನು ಅಟ್ಟೆಯೊಳಗೆ ಸೇರಿಸಿ ಹೊಲಿಯುವುದರಿಂದ, ಅಳತೆ ತಪ್ಪಿದ ಜೋಡಿಯನ್ನು ಬಿಚ್ಚಿ ಸರಿಪಡಿಸುವುದು ಹೊಸದನ್ನು ಮಾಡುವಷ್ಟೇ ದುಬಾರಿ. ಅಳತೆಯನ್ನು ಬರೆದುಕೊಡದೆ, ಸರಕು ವಾಪಸಾದ ಮೇಲೆ ಕುಶಲಕರ್ಮಿಯ ಮಜೂರಿಯಲ್ಲಿ ಕಡಿತ ಮಾಡುವುದು ನ್ಯಾಯವೂ ಅಲ್ಲ, ಜಾಣತನವೂ ಅಲ್ಲ.

ವಾಪಸಾದ ಮಾಲಿಗೆ ತೆರಿಗೆಯನ್ನು ಕಡಿಮೆ ಮಾಡಿಕೊಳ್ಳಲು ಕ್ರೆಡಿಟ್ ನೋಟ್ ನೀಡಬೇಕು. ಅದನ್ನು ಮಾರಾಟವಾದ ಆರ್ಥಿಕ ವರ್ಷದ ಮುಂದಿನ ನವೆಂಬರ್ 30ರೊಳಗೆ, ಅಥವಾ ವಾರ್ಷಿಕ ವಿವರಪಟ್ಟಿ ಅದಕ್ಕೂ ಮೊದಲೇ ಸಲ್ಲಿಕೆಯಾದರೆ ಅಷ್ಟರೊಳಗೆ, ರಿಟರ್ನ್‌ನಲ್ಲಿ ತೋರಿಸತಕ್ಕದ್ದು. ಮಾರಲಾಗದೆ ಲೆಕ್ಕದಿಂದ ತೆಗೆದುಹಾಕಿದ ಜೋಡಿಗಳ ಮೇಲೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆಯುವುದಿಲ್ಲ. ಉಚಿತವಾಗಿ ಕೊಟ್ಟ ಮಾದರಿಗಳಿಗೂ ಇದೇ ನಿಯಮ. ಮಾದರಿಗೂ ಬೆಲೆ ಹಾಕಿ ಬಿಲ್ಲು ಕೊಡುವುದು ಲೇಸು.

ಪ್ರತ್ಯೇಕ ಅಳತೆಗಾಗಿ ಹೆಚ್ಚು ಬೆಲೆ ವಿಧಿಸುವವರು ಇನ್ನೊಂದು ಅಂಶವನ್ನು ಗಮನಿಸಬೇಕು. 2025ರ ಸೆಪ್ಟೆಂಬರ್ 22ರಿಂದ ಜೋಡಿಗೆ 2,500 ರೂ.ವರೆಗಿನ ಪಾದರಕ್ಷೆಗೆ ಶೇ. 5, ಅದನ್ನು ಮೀರಿದರೆ ಶೇ. 18 ಜಿಎಸ್‌ಟಿ ನಿಗದಿಯಾಗಿದೆ. 2,500 ರೂ. ಜೋಡಿಗೆ ಗಿರಾಕಿ ತೆರುವುದು 2,625 ರೂ. ಅಳತೆಗೆಂದು 100 ರೂ. ಸೇರಿಸಿದರೆ ಅದು 3,068 ರೂ. ಆಗುತ್ತದೆ, ಹೆಚ್ಚಿದ 443 ರೂ.ಗಳಲ್ಲಿ ತಯಾರಕನಿಗೆ ಸೇರುವುದು 100 ಮಾತ್ರ.