ಮಗು ಮಧ್ಯಾಹ್ನದ ನಿದ್ದೆ ಬಿಟ್ಟಾಗ

ಮೂರು ವರ್ಷದ ಆಸುಪಾಸಿನ ಮಕ್ಕಳಿರುವ ಮನೆಗಳಿಗೆ ಹೋದಾಗ ತಾಯಂದಿರಿಂದ ನಾವು ಆಗಾಗ ಕೇಳುವ ದೂರು ಒಂದಿದೆ. ನಿನ್ನೆ ಮೊನ್ನೆಯವರೆಗೆ ಊಟ ಮುಗಿದ ಕೂಡಲೇ ಮಲಗುತ್ತಿದ್ದ ಮಗು ಈಗ ಎಷ್ಟು ತಟ್ಟಿದರೂ ಕಣ್ಣು ಮುಚ್ಚುವುದಿಲ್ಲ. ಮಲಗಿಸಲು ಹೋದ ತಾಯಿಗೇ ನಿದ್ದೆ ಹತ್ತುತ್ತದೆ. ಮಗು ಮೆಲ್ಲನೆ ಎದ್ದು ಅಂಗಳಕ್ಕಿಳಿಯುತ್ತದೆ. ಇದನ್ನು ಕೆಲವರು ಹಟವೆಂದು ಭಾವಿಸಿ ಗದರಿಸುತ್ತಾರೆ. ಕೆಲವರು ದೃಷ್ಟಿಯಾಗಿದೆ ಎನ್ನುತ್ತಾರೆ. ನಿದ್ದೆ ಬರಲು ಏನಾದರೂ ಸಿರಪ್ ಕೊಡಬಹುದೇ ಎಂದು ವಿಚಾರಿಸುವವರೂ ಇದ್ದಾರೆ.

ಪೇಟೆಯ ಮನೆಯಲ್ಲಿ ಇದು ಸಣ್ಣ ವಿಷಯವಾಗಿರಬಹುದು. ಕಾಸರಗೋಡಿನ ಕಡೆಯ ನಮ್ಮ ತೋಟದ ಮನೆಗಳಲ್ಲಿ ಹಾಗಲ್ಲ. ರಬ್ಬರ್ ಟ್ಯಾಪಿಂಗ್‌ಗಾಗಿ ನಸುಕಿನಲ್ಲೇ ಎದ್ದವರು, ಬೆಳಗ್ಗಿನಿಂದ ಅಡಿಕೆ ಸುಲಿದವರು, ಹಟ್ಟಿಯ ಕೆಲಸ ಮುಗಿಸಿದವರು ಊಟವಾದ ಮೇಲೆ ಒಂದು ಗಳಿಗೆ ಅಡ್ಡಾಗುವುದು ವಾಡಿಕೆ. ಇಷ್ಟು ದಿನ ಆ ಹೊತ್ತಿಗೆ ಮಗುವೂ ಮಲಗುತ್ತಿತ್ತು. ಇನ್ನು ಮುಂದೆ ಮನೆಯವರೆಲ್ಲ ಮಲಗಿರುವಾಗ ಮಗುವೊಂದೇ ಎಚ್ಚರವಾಗಿರುತ್ತದೆ. ಆದುದರಿಂದ ಈ ಬದಲಾವಣೆ ಏಕಾಗುತ್ತದೆ, ಆಗ ಮನೆಯವರು ಏನು ಮಾಡಬೇಕು ಎಂಬುದನ್ನು ತಂದೆತಾಯಂದಿರು ತಿಳಿದಿರುವುದು ಅವಶ್ಯ.

ನಿದ್ದೆಯ ಲೆಕ್ಕ

ಹುಟ್ಟಿದ ಮಗು ಹಗಲು ರಾತ್ರಿಯೆನ್ನದೆ ನಿದ್ರಿಸುತ್ತದೆ. ಒಂದು ವರ್ಷದ ಹೊತ್ತಿಗೆ ಹಗಲಿನ ನಿದ್ದೆ ಸಾಮಾನ್ಯವಾಗಿ ಎರಡು ಬಾರಿಗೆ ಇಳಿಯುತ್ತದೆ. ಒಂದೂವರೆ ವರ್ಷದ ಸುಮಾರಿಗೆ ಬೆಳಗ್ಗಿನ ನಿದ್ದೆ ಹೋಗಿ, ಊಟದ ನಂತರದ ಒಂದೇ ನಿದ್ದೆ ಉಳಿಯುತ್ತದೆ. ಕೊನೆಗೆ ಅದೂ ಹೋಗುತ್ತದೆ. ಇದಕ್ಕೆ ಇಂತಹದೇ ವಯಸ್ಸು ಎಂದಿಲ್ಲ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2020ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ, ಎರಡು ವರ್ಷಕ್ಕೆ ಮೊದಲೇ ಹಗಲು ನಿದ್ದೆ ಬಿಡುವ ಮಕ್ಕಳು ನೂರಕ್ಕೆ ಮೂರಕ್ಕಿಂತಲೂ ಕಡಿಮೆ. ಐದು ವರ್ಷ ತುಂಬುವಷ್ಟರಲ್ಲಿ ನೂರಕ್ಕೆ 94 ಮಕ್ಕಳು ಬಿಟ್ಟಿರುತ್ತಾರೆ. ಎಂದರೆ ಒಂದು ಮನೆಯ ಮಗು ಎರಡೂವರೆಗೆ ಬಿಟ್ಟರೆ, ನೆರೆಮನೆಯ ಮಗು ನಾಲ್ಕೂವರೆಗೆ ಬಿಡಬಹುದು. ಎರಡೂ ಸರಿಯೇ. ಅಣ್ಣನಂತೆ ತಂಗಿ ಇಲ್ಲವೆಂದು ಚಿಂತಿಸಬೇಕಾಗಿಲ್ಲ.

ನೋಡಬೇಕಾದುದು ದಿನದ ಒಟ್ಟು ನಿದ್ದೆಯನ್ನು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸೂಚನೆಯಂತೆ ಒಂದರಿಂದ ಎರಡು ವರ್ಷದ ಮಕ್ಕಳಿಗೆ ದಿನಕ್ಕೆ 11ರಿಂದ 14 ಗಂಟೆ, ಮೂರು ನಾಲ್ಕು ವರ್ಷದವರಿಗೆ 10ರಿಂದ 13 ಗಂಟೆ ನಿದ್ದೆ ಬೇಕು. ಇದು ಹಗಲು ರಾತ್ರಿ ಎರಡೂ ಸೇರಿದ ಲೆಕ್ಕ. ಮಧ್ಯಾಹ್ನದ ನಿದ್ದೆ ಬಿಟ್ಟ ಮಗು ರಾತ್ರಿ ಹನ್ನೊಂದು ಗಂಟೆ ಮಲಗಿದರೆ ಅದಕ್ಕೆ ನಷ್ಟವಿಲ್ಲ. ಮಧ್ಯಾಹ್ನವೂ ಮಲಗದೆ, ರಾತ್ರಿ ಹತ್ತರವರೆಗೆ ಟಿ.ವಿ. ಮುಂದೆ ಕುಳಿತು, ಬೆಳಗ್ಗೆ ಆರಕ್ಕೆ ಎದ್ದರೆ ನಷ್ಟವಿದೆ.

ಏಕೆ ಬಿಡುತ್ತದೆ?

ರಬ್ಬರ್ ತೋಟವಿರುವವರಿಗೆ ಇದನ್ನು ಸುಲಭವಾಗಿ ವಿವರಿಸಬಹುದು. ಹಾಲು ಸಂಗ್ರಹಿಸುವಾಗ ಕೈಯಲ್ಲಿರುವ ಬಕೆಟ್ ಚಿಕ್ಕದಾದರೆ ಅರ್ಧ ತೋಟ ಸುತ್ತುವಾಗಲೇ ಅದು ತುಂಬುತ್ತದೆ. ಒಮ್ಮೆ ಬಂದು ಖಾಲಿ ಮಾಡಿಯೇ ಮುಂದೆ ಹೋಗಬೇಕು. ದೊಡ್ಡ ಬಕೆಟ್ ಇದ್ದವರು ಇಡೀ ತೋಟ ಮುಗಿಸಿಯೇ ಬರುತ್ತಾರೆ. ನಮ್ಮ ಮೆದುಳಿನಲ್ಲಿ ದಿನದ ಹೊಸ ನೆನಪುಗಳನ್ನು ಮೊದಲು ಹಿಡಿದಿಡುವ ಒಂದು ಭಾಗವಿದೆ. ಅದಕ್ಕೆ ಹಿಪ್ಪೊಕ್ಯಾಂಪಸ್ ಎಂದು ಹೆಸರು. ಎಳೆಯ ಮಗುವಿನಲ್ಲಿ ಅದು ಇನ್ನೂ ಬಲಿತಿರುವುದಿಲ್ಲ. ಹೊಸ ಮಾತು, ಹೊಸ ಮುಖ, ಹೊಸ ಆಟಗಳಿಂದ ಮಧ್ಯಾಹ್ನದೊಳಗೆ ಅದು ತುಂಬಿಹೋಗುತ್ತದೆ. ನಿದ್ದೆಯಲ್ಲಿ ಆ ನೆನಪುಗಳು ಕಾಯಂ ಸ್ಥಾನಕ್ಕೆ ಸಾಗುತ್ತವೆ. ಆ ಭಾಗ ಬೆಳೆದಂತೆ ಮಗು ಸಂಜೆಯವರೆಗೆ ತಾಳಿಕೊಳ್ಳಲು ಶಕ್ತವಾಗುತ್ತದೆ ಎಂಬ ವಿವರಣೆಯನ್ನು ಅಮೆರಿಕದ ಇಬ್ಬರು ಸಂಶೋಧಕಿಯರು 2022ರಲ್ಲಿ ಮುಂದಿಟ್ಟಿದ್ದಾರೆ. ಈ ದೃಷ್ಟಿಯಿಂದ ಹಗಲು ನಿದ್ದೆ ಬಿಡುವುದು ರೋಗವೂ ಅಲ್ಲ, ಹಟವೂ ಅಲ್ಲ. ಹಲ್ಲು ಬಂದಂತೆ, ಮಾತು ಬಂದಂತೆ ಇದೂ ಒಂದು ಬೆಳವಣಿಗೆ.

ಆದರೆ ಇನ್ನೂ ಸಿದ್ಧವಾಗದ ಮಗುವಿನಿಂದ ಆ ನಿದ್ದೆಯನ್ನು ಕಸಿದುಕೊಳ್ಳಬಾರದು. ಅಮೆರಿಕದ ಮೆಸಾಚುಸೆಟ್ಸ್‌ನಲ್ಲಿ ನಲವತ್ತು ಮಕ್ಕಳಿಗೆ ಬೆಳಗ್ಗೆ ಚಿತ್ರಗಳ ಸ್ಥಾನವನ್ನು ನೆನಪಿಡುವ ಆಟ ಕಲಿಸಿ ನಡೆಸಿದ ಪರೀಕ್ಷೆಯೊಂದರ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಮಧ್ಯಾಹ್ನ ಮಲಗಿದ ದಿನ ಮಕ್ಕಳು ಕಲಿತದ್ದನ್ನು ಉಳಿಸಿಕೊಂಡರು; ಮಲಗದ ದಿನ ಹೆಚ್ಚು ಮರೆತರು. ಆ ನಷ್ಟ ರಾತ್ರಿಯ ನಿದ್ದೆಯಿಂದಲೂ ತುಂಬಿ ಬರಲಿಲ್ಲ. ದಿನವೂ ಮಲಗುವ ರೂಢಿಯಿದ್ದ ಮಕ್ಕಳಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತಿತ್ತು. ರಾತ್ರಿ ಬೇಗ ಮಲಗಲಿ ಎಂಬ ನಮ್ಮ ಅನುಕೂಲಕ್ಕಾಗಿ ಎರಡು ವರ್ಷದ ಮಗುವನ್ನು ಮಧ್ಯಾಹ್ನ ಎಬ್ಬಿಸಿ ಕೂರಿಸುವುದು ಸರಿಯಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಕಾಲ ಬಂದಿದೆಯೆಂದು ತಿಳಿಯುವುದು ಹೇಗೆ?

ಮಧ್ಯಾಹ್ನ ಹಾಸಿಗೆಯಲ್ಲಿ ಅರ್ಧ ಗಂಟೆಗೂ ಮೀರಿ ಹೊರಳಾಡುವುದು. ಮಧ್ಯಾಹ್ನ ಮಲಗಿದ ದಿನ ರಾತ್ರಿ ತೀರ ತಡವಾಗಿ ನಿದ್ದೆ ಹೋಗುವುದು. ಮಲಗದ ದಿನವೂ ಸಂಜೆಯವರೆಗೆ ಗೆಲುವಾಗಿ ಆಡುತ್ತಿರುವುದು. ಈ ಮೂರೂ ಎರಡು ಮೂರು ವಾರ ಒಂದೇ ಸಮನೆ ಕಂಡುಬಂದರೆ ಮಗು ಸಿದ್ಧವಾಗಿದೆಯೆಂದು ತಿಳಿಯಬಹುದು.

ಇದಕ್ಕೆ ವಿರುದ್ಧವಾಗಿ, ಮಧ್ಯಾಹ್ನ ಮಲಗದ ಮಗು ಸಂಜೆ ನಾಲ್ಕು ಐದರ ಹೊತ್ತಿಗೆ ಕುಳಿತಲ್ಲೇ ತೂಕಡಿಸಿದರೆ, ಕಾರಣವಿಲ್ಲದೆ ಅತ್ತು ಹೊರಳಿದರೆ, ನಡೆಯುವಾಗ ಪದೇ ಪದೇ ಎಡವಿದರೆ ಅದಕ್ಕೆ ಇನ್ನೂ ಹಗಲು ನಿದ್ದೆ ಬೇಕು. ಎರಡು ವರ್ಷದ ಸುಮಾರಿಗೆ ಅನೇಕ ಮಕ್ಕಳು ಕೆಲವು ದಿನ ಮಲಗಲು ಒಪ್ಪುವುದಿಲ್ಲ. ಮನೆಗೆ ತಮ್ಮನೋ ತಂಗಿಯೋ ಬಂದಿರಬಹುದು, ದವಡೆ ಹಲ್ಲು ಮೂಡುತ್ತಿರಬಹುದು. ಅದೇ ಹೊತ್ತಿಗೆ ಮಲಗಿಸುವ ಕ್ರಮವನ್ನು ಬಿಡದಿದ್ದರೆ ನಿದ್ದೆ ಸಾಮಾನ್ಯವಾಗಿ ಮರಳಿ ಬರುತ್ತದೆ.

ಬದಲಾವಣೆಯ ತಿಂಗಳುಗಳು

ಮಗು ಹಗಲು ನಿದ್ದೆಯನ್ನು ಒಂದೇ ದಿನದಲ್ಲಿ ಬಿಡುವುದಿಲ್ಲ. ಕೆಲವು ತಿಂಗಳ ಕಾಲ ಒಂದು ದಿನ ಮಲಗುತ್ತದೆ, ಎರಡು ದಿನ ಮಲಗುವುದಿಲ್ಲ. ಈ ಅವಧಿಯಲ್ಲಿ ಮೂರು ಕೆಲಸ ಮಾಡಬೇಕು.

ಮೊದಲನೆಯದು, ಮಲಗಿದ ದಿನ ಮೂರು ಗಂಟೆಯ ಹೊತ್ತಿಗೆ ಎಬ್ಬಿಸಬೇಕು. ಸಂಜೆಯವರೆಗೆ ಮಲಗಲು ಬಿಟ್ಟರೆ ರಾತ್ರಿಯ ನಿದ್ದೆ ಕೆಡುತ್ತದೆ.

ಎರಡನೆಯದು, ಮಲಗದ ದಿನ ರಾತ್ರಿಯ ನಿದ್ದೆಯನ್ನು ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚಿತ ಮಾಡಬೇಕು. ನಮ್ಮ ಮನೆಗಳಲ್ಲಿ ರಾತ್ರಿಯ ಪ್ರಾರ್ಥನೆ ಮುಗಿದ ಮೇಲೆ ಊಟ, ನಂತರ ನಿದ್ದೆ. ದೊಡ್ಡವರಿಗೆ ಅದು ಸರಿ. ಮೂರು ವರ್ಷದ ಮಗುವಿಗೆ ಆ ದಿನಗಳಲ್ಲಿ ಪ್ರಾರ್ಥನೆಗೆ ಮೊದಲೇ ಊಟ ಕೊಡಿ. ಜಪಸರದ ನಡುವೆ ತಾಯಿಯ ಮಡಿಲಲ್ಲಿ ಮಗು ನಿದ್ದೆ ಹೋದರೆ ಗದರಿಸಿ ಎಬ್ಬಿಸಬೇಡಿ. ಎತ್ತಿ ಹಾಸಿಗೆಯಲ್ಲಿ ಮಲಗಿಸಿ.

ಮೂರನೆಯದು, ನಿದ್ದೆ ಹೋದರೂ ವಿಶ್ರಾಂತಿ ಹೋಗಬಾರದು. ಊಟದ ನಂತರ ಮುಕ್ಕಾಲು ಗಂಟೆ, ಒಂದು ಗಂಟೆ ಚಾಪೆ ಹಾಸಿ, ಕಿಟಕಿ ಮುಚ್ಚಿ, ಮಗುವನ್ನು ಸುಮ್ಮನಿರುವ ಆಟಕ್ಕೆ ಬಿಡಿ. ಚಿತ್ರದ ಪುಸ್ತಕ, ತೆಂಗಿನ ಗರಿಯ ಗೊಂಬೆ, ಮರದ ತುಂಡುಗಳು ಸಾಕು. ಮೊಬೈಲ್ ಬೇಡ. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ಟಿ.ವಿ., ಮೊಬೈಲ್ ಎಲ್ಲ ಸೇರಿ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚಾಗಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಕಡಿಮೆಯಾದಷ್ಟೂ ಒಳ್ಳೆಯದು.

ಅಂಗನವಾಡಿಗೆ ಹೋಗುವ ಮಕ್ಕಳ ವಿಷಯದಲ್ಲಿ ಇನ್ನೊಂದು ಮಾತು. ಅಲ್ಲಿ ಊಟವಾದ ಮೇಲೆ ಮಕ್ಕಳನ್ನು ಸಾಲಾಗಿ ಮಲಗಿಸುವ ಪದ್ಧತಿಯಿದೆ. ನಿಮ್ಮ ಮಗು ನಿದ್ದೆ ಬಿಟ್ಟಿದ್ದರೆ ಟೀಚರಿಗೆ ತಿಳಿಸಿ. ಬಲವಂತವಾಗಿ ಕಣ್ಣು ಮುಚ್ಚಿಸುವ ಬದಲು ಅದಕ್ಕೊಂದು ಪುಸ್ತಕ ಕೊಟ್ಟು ಮೂಲೆಯಲ್ಲಿ ಕೂರಿಸಿದರೆ ಉಳಿದ ಮಕ್ಕಳಿಗೂ ತೊಂದರೆಯಾಗದು.

ನಿದ್ದೆಗಾಗಿ ಔಷಧಿ ಬೇಡ

ಕೆಮ್ಮು ಶೀತದ ಸಿರಪ್ ಕುಡಿದರೆ ಮಗುವಿಗೆ ಮಂಪರು ಬರುತ್ತದೆ ಎಂಬುದು ಅನೇಕರಿಗೆ ಗೊತ್ತು. ಅದಕ್ಕಾಗಿಯೇ ಕಪಾಟಿನಲ್ಲಿ ಉಳಿದ ಬಾಟ್ಲಿಯನ್ನು ತೆಗೆಯುವುದು ಬಹಳ ಅಪಾಯಕರ. ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಬೆರೆಸಿದ ಶೀತದ ಔಷಧಿಯನ್ನು ನಾಲ್ಕು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಕೊಡಬಾರದೆಂದು ಬಾಟ್ಲಿಯ ಮೇಲೆಯೇ ಮುದ್ರಿಸುವಂತೆ ಭಾರತದ ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲಿ ಆದೇಶಿಸಿದ್ದಾರೆ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದು ಹಲವಾರು ಎಳೆಯ ಮಕ್ಕಳು ಮೂತ್ರಪಿಂಡ ಕೆಟ್ಟು ಸಾವನ್ನಪ್ಪಿದ್ದನ್ನು ಯಾರೂ ಮರೆಯಬಾರದು. ಗಸಗಸೆ ಅರೆದು ಕುಡಿಸುವುದು, ಶೀತಕ್ಕೆಂದು ಒಂದೆರಡು ತೊಟ್ಟು ಬ್ರಾಂಡಿ ಕೊಡುವುದು ಇವೂ ಬೇಡ. ನಿದ್ದೆ ಬಿಡುವ ಕಾಲ ಬಂದ ಮಗುವಿಗೆ ಯಾವ ಔಷಧಿಯೂ ಬೇಕಾಗಿಲ್ಲ.

ಮಗು ರಾತ್ರಿ ಬಾಯಿ ತೆರೆದು ದಿನವೂ ಗೊರಕೆ ಹೊಡೆಯುತ್ತಿದ್ದರೆ, ನಿದ್ದೆಯಲ್ಲಿ ಉಸಿರು ಕಟ್ಟಿದಂತಾದರೆ, ಬಿಳಿಚಿಕೊಂಡು ಮಂಕಾಗಿದ್ದರೆ, ಅಥವಾ ಐದು ವರ್ಷ ಕಳೆದು ರಾತ್ರಿ ಚೆನ್ನಾಗಿ ಮಲಗಿದರೂ ಹಗಲಿಡೀ ತೂಕಡಿಸುತ್ತಿದ್ದರೆ ಮಾತ್ರ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಎಚ್ಚರವಿರಬೇಕಾದ ಗಂಟೆ

ಈಗ ಎಲ್ಲಕ್ಕಿಂತ ಮುಖ್ಯ ವಿಷಯಕ್ಕೆ ಬರುತ್ತೇವೆ. ಮಗು ಮಲಗಿದೆ ಎಂದು ಎಲ್ಲರೂ ನಂಬಿರುವ, ಆದರೆ ಮಗು ಮಲಗಿರದ ಆ ಒಂದು ಗಂಟೆ ತೋಟದ ಮನೆಯಲ್ಲಿ ದಿನದ ಅತ್ಯಂತ ಅಪಾಯದ ಗಂಟೆ. ಒಂದರಿಂದ ನಾಲ್ಕು ವರ್ಷದ ಮಕ್ಕಳ ಸಾವಿಗೆ ನೀರಿನಲ್ಲಿ ಮುಳುಗುವುದು ಜಗತ್ತಿನಲ್ಲಿ ನಾಲ್ಕನೆಯ ದೊಡ್ಡ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿ ತಿಳಿಸುತ್ತದೆ. ಮಗು ಮುಳುಗುವಾಗ ಕೂಗುವುದಿಲ್ಲ, ಸದ್ದೇ ಇರುವುದಿಲ್ಲ. ಬಚ್ಚಲಿನ ಬಕೆಟಿನಲ್ಲಿರುವ ನೀರೂ ಸಾಕು.

ನಮ್ಮ ಮನೆಗಳ ಸುತ್ತ ನೋಡಿರಿ. ಕಟ್ಟೆಯಿಲ್ಲದ ಬಾವಿ, ಸುರಂಗದ ನೀರು ಬಂದು ಬೀಳುವ ಮಣ್ಣಿನ ಕೆರೆ, ತೋಟದ ನಡುವಿನ ತೋಡು, ಹಟ್ಟಿಯ ಹಿಂದಿನ ಗೊಬ್ಬರದ ಗುಂಡಿ, ಮುಚ್ಚಳವಿಲ್ಲದ ಗೋಬರ್ ಗ್ಯಾಸ್ ತೊಟ್ಟಿ. ರಬ್ಬರ್ ಹಾಲು ಹೆಪ್ಪುಗಟ್ಟಿಸುವ ಫಾರ್ಮಿಕ್ ಆಸಿಡ್ ನೋಡಲು ನೀರಿನಂತೆಯೇ ಇರುತ್ತದೆ. ಅದನ್ನು ಕುಡಿಯುವ ನೀರಿನ ಬಾಟ್ಲಿಯಲ್ಲಿ ಎಂದೂ ಇಡಬಾರದು. ಅಡಿಕೆಗೆ ಬೋರ್ಡೋ ದ್ರಾವಣ ಬಿಡುವ ಮಳೆಗಾಲದಲ್ಲಿ ಮೈಲುತುತ್ತಿನ ನೀಲಿ ಹರಳುಗಳು ಮಗುವಿನ ಕಣ್ಣಿಗೆ ಸಕ್ಕರೆ ಮಿಠಾಯಿಯಂತೆ ಕಾಣುತ್ತವೆ. ಕಳೆನಾಶಕ, ಇಲಿಪಾಷಾಣಗಳ ಮಾತು ಹೇಳಬೇಕಾಗಿಯೇ ಇಲ್ಲ.

ಬಾಂಗ್ಲಾದೇಶದ ಹಳ್ಳಿಗಳಲ್ಲಿ ಮನೆಯ ಬಳಿಯ ಕೊಳಗಳಲ್ಲಿ ಮಕ್ಕಳು ಮುಳುಗುವುದನ್ನು ತಡೆಯಲು ಹಿರಿಯರು ಮನೆಗೆಲಸದಲ್ಲಿರುವ ಬೆಳಗ್ಗೆ 9ರಿಂದ ಮಧ್ಯಾಹ್ನ 1ರವರೆಗೆ ಚಿಕ್ಕ ಮಕ್ಕಳನ್ನು ಒಂದೆಡೆ ಸೇರಿಸಿ ನೋಡಿಕೊಳ್ಳುವ ಕೇಂದ್ರಗಳನ್ನು ತೆರೆದರು. ಅವುಗಳಿಗೆ 'ಆಂಚಲ್' ಎಂದು ಹೆಸರು, ಅಂದರೆ ಸೆರಗು. ಆ ಕೇಂದ್ರಗಳಿಗೆ ಬರುವ ಮಕ್ಕಳಲ್ಲಿ ಇಂತಹ ಸಾವುಗಳು ಬಹಳಷ್ಟು ಕಡಿಮೆಯಾದವು. ಅಲ್ಲಿ ದೊಡ್ಡ ಯಂತ್ರವಿಲ್ಲ, ಔಷಧಿಯಿಲ್ಲ. ನಿಗದಿಯಾದ ಹೊತ್ತಿಗೆ ನಿಗದಿಯಾದ ಒಬ್ಬರ ಕಣ್ಣು ಮಕ್ಕಳ ಮೇಲಿದೆ, ಅಷ್ಟೇ.

ನಮ್ಮ ಮನೆಗಳಲ್ಲೂ ಇದನ್ನೇ ಮಾಡಬಹುದು. ಮಗು ನಿದ್ದೆ ಬಿಡುವ ಲಕ್ಷಣ ತೋರಿದ ದಿನದಿಂದ ಮಧ್ಯಾಹ್ನದ ಕಾವಲಿಗೆ ಸರದಿ ಮಾಡಿಕೊಳ್ಳಿ. ಇವತ್ತು ಅಜ್ಜಿ, ನಾಳೆ ತಂದೆ, ನಾಡಿದ್ದು ತಾಯಿ ಎಂದು ಹೆಸರು ಹಿಡಿದು ನಿಶ್ಚಯಿಸಿ. ಎಲ್ಲರೂ ಇದ್ದಾರೆ ಎಂದಾಗ ಹಲವು ಸಲ ಯಾರೂ ನೋಡುತ್ತಿರುವುದಿಲ್ಲ. ಏಳೆಂಟು ವರ್ಷದ ಅಕ್ಕನ ಮೇಲೆ ಈ ಭಾರ ಹೊರಿಸಬೇಡಿ, ಅವಳೂ ಮಗುವೇ. ಅಂಗಳದ ಬಾಗಿಲಿಗೆ ಮಗುವಿನ ಕೈಗೆಟುಕದ ಎತ್ತರದಲ್ಲಿ ಚಿಲಕ ಹಾಕಿಸಿ. ಬಾವಿಗೆ ಕಟ್ಟೆ ಮತ್ತು ಬಲೆ, ಕೆರೆಗೆ ಬೇಲಿ, ತೊಟ್ಟಿಗೆ ಮುಚ್ಚಳ, ಆಸಿಡ್ ಮತ್ತು ಔಷಧಿಗಳಿಗೆ ಬೀಗವಿರುವ ಪೆಟ್ಟಿಗೆ ಇರಲಿ.

ದುರದೃಷ್ಟದಿಂದ ಮಗು ನೀರಿಗೆ ಬಿದ್ದರೆ ಮೇಲೆತ್ತಿ ತಲೆಕೆಳಗೆ ಹಿಡಿಯುವುದು, ಹೊಟ್ಟೆ ಒತ್ತುವುದು ಮಾಡಬೇಡಿ. ಉಸಿರಿಲ್ಲದಿದ್ದರೆ ತಿಳಿದವರು ಕೂಡಲೇ ಬಾಯಿಯಿಂದ ಉಸಿರು ಕೊಟ್ಟು ಎದೆ ಒತ್ತಬೇಕು. ಇನ್ನೊಬ್ಬರು 108ಕ್ಕೆ ಕರೆ ಮಾಡಬೇಕು. ಆಸಿಡ್ ಅಥವಾ ವಿಷ ಕುಡಿದರೆ ವಾಂತಿ ಮಾಡಿಸದೆ, ಬಾಟ್ಲಿ ಸಮೇತ ಆಸ್ಪತ್ರೆಗೆ ಒಯ್ಯಬೇಕು.

ಪ್ರಿಯ ತಂದೆತಾಯಂದಿರೇ, ಮಗು ನಿದ್ದೆ ಬಿಟ್ಟಿತೆಂದು ನಿಮ್ಮ ವಿಶ್ರಾಂತಿಯೂ ಹೋಯಿತೆಂದು ಬೇಸರಿಸಬೇಡಿ. ಸರದಿಯಿದ್ದರೆ ದಿನಕ್ಕೊಬ್ಬರ ನಿದ್ದೆ ಮಾತ್ರ ತಪ್ಪುತ್ತದೆ. ಈ ಗಂಟೆಯ ಕಾವಲು ಮಗುವಿಗೆ ಬಾವಿ, ಬೆಂಕಿ, ವಿಷಗಳ ಅರಿವು ಬರುವವರೆಗೆ, ಅಂದರೆ ಕೆಲವೇ ವರ್ಷಗಳ ಮಾತು. ಇವತ್ತು ಊಟಕ್ಕೆ ಕುಳಿತಾಗಲೇ ನಾಳೆಯ ಮಧ್ಯಾಹ್ನ ಯಾರ ಸರದಿ ಎಂಬುದನ್ನು ನಿಶ್ಚಯಿಸಿಕೊಂಡುಬಿಡಿ.